ಬಚ್ಚಲ ಒಲೆಯ ಹೊಗೆ

ಚಳಿಗಾಲದ ಬೆಳಗಿನಲ್ಲಿ ನಮ್ಮ ಕಾಲೊನಿಯ ಕೆರೆಗೆ ದಂಡೆಯೇ ಇರುವುದಿಲ್ಲ. ಮಂಜು ನೀರಿನ ಮೇಲಿಂದ ಮೆಲ್ಲಗೆ ಎದ್ದು ಏರಿಯನ್ನು ನುಂಗುತ್ತದೆ; ಆಚೆಯ ಜಾಲಿಗಿಡಗಳನ್ನು ನೆಲದಿಂದ ಬಿಡಿಸಿ ಗಾಳಿಯಲ್ಲಿ ನಿಲ್ಲಿಸಿಬಿಡುತ್ತದೆ. ಏರಿಯ ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು ಕೂತರೆ, ಎದ್ದು ಬಂದಿದ್ದೇನೋ ಅಥವಾ ಇನ್ನೂ ಹಾಸಿಗೆಯಲ್ಲಿದ್ದುಕೊಂಡೇ ಇದನ್ನೆಲ್ಲ ಕಾಣುತ್ತಿದ್ದೇನೋ ಎಂಬುದು ನನಗೆ ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ವಯಸ್ಸಾದವರಿಗೆ ಇದು ಸುಖದ ಹೊತ್ತು. ಆ ಸುಖದ ಹೊತ್ತಿನಲ್ಲೇ ನನಗೆ ಆ ಹೆಣ್ಣುಮಗಳ ನೆನಪಾಗುತ್ತದೆ. ಅವಳ ಮೆಣಸಿನಕಾಯಿ ಕಣ ನನ್ನಿಂದ ಹೋಯಿತು. ಹೇಗೆ ಹೋಯಿತು ಎಂಬುದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು.

ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತನಾಗಿದ್ದವನು. ಹೈಸ್ಕೂಲು ಮುಗಿದ ಮೇಲೆ ಅಲ್ಲಿಗೆ ಸೇರಿದೆ, ಕಣ್ಣು ಮಂಜಾಗುವ ತನಕ ಅಲ್ಲೇ ಇದ್ದೆ. ಸುಗ್ಗಿಯಲ್ಲಿ ಪೇಟೆಯ ಅಂಗಳದ ತುಂಬ ಚೀಲಗಳು ಬಾಯ್ದೆರೆದು ನಿಂತಿರುತ್ತಿದ್ದವು. ಅವುಗಳ ನಡುವಿನ ಸಂದಿಗಳಲ್ಲಿ ನಡೆಯುವಾಗ ಬಿಸಿಲು ಕೂಡ ಕೆಂಪಗೆ ಬೀಳುತ್ತಿತ್ತು. ಹೊರಗಿನಿಂದ ಬಂದವರು ಬಸ್ಸಿಳಿಯುತ್ತಲೇ ಸೀನುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ನಮ್ಮೂರಿನವರ ಮೂಗಿಗೆ ಆ ಧೂಳು ಹಾಲಿನಷ್ಟು ಹಳೆಯದು. ಮಧ್ಯಾಹ್ನ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದರೆ, ಒಣಗಿದ ಕಾಯಿಯ ಆ ಸಿಹಿ ವಾಸನೆಯಲ್ಲಿ ಎಷ್ಟು ಒಳ್ಳೆಯ ನಿದ್ದೆ ಬರುತ್ತಿತ್ತು! ಅಂಥ ನಿದ್ದೆ ನನಗೆ ಮತ್ತೆ ಬಂದಿಲ್ಲ.

ಕೆಲಸ ಬಿಟ್ಟ ಮೇಲೆ ಊರ ಹೊರಗೆ, ಕೆರೆಯ ಪಕ್ಕದ ಹೊಸ ಕಾಲೊನಿಯಲ್ಲಿ ಸಣ್ಣ ಮನೆ ಕಟ್ಟಿಸಿದೆವು. ನೆರೆಹೊರೆಯವರೆಲ್ಲ ಮಾಸ್ತರರು, ಬ್ಯಾಂಕಿನವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ನಿವಾಸಿಗಳ ಸಂಘದ ಮೊದಲ ಸಭೆಗೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಯಾರದೋ ಮಗು ತಾಯಿಯ ಸೆರಗು ಜಗ್ಗಿ, "ಅವ್ವಾ, ಈ ಅಜ್ಜನ ಅಂಗಿ ಯಾಕ ಖಾರ ನಾರತೈತಿ?" ಎಂದು ಕೇಳಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅಂಗಿ ಬಿಚ್ಚಿ ನನ್ನ ಹೆಂಡತಿಯ ಮುಂದೆ ಒಗೆದು, "ಇದನ್ನ ಇನ್ನೊಮ್ಮೆ ತೊಳಿ" ಅಂದೆ. "ತೊಳದದ್ದ ಐತಲ್ರಿ" ಅಂದಳು. ನಾನು ದನಿ ಏರಿಸಿದೆ. ಅವಳು ಅದನ್ನು ಮತ್ತೆ ನೆನೆ ಹಾಕಿದಳು.

ಸಂಘ ಮಾಡಿದ ಒಳ್ಳೆಯ ಕೆಲಸವನ್ನು ನಾನು ಮುಚ್ಚಿಡುವುದಿಲ್ಲ. ನಾವು ಬಂದಾಗ ಕೆರೆ ಕಾಣುತ್ತಿರಲಿಲ್ಲ, ಅಂತರಗಂಗೆ ಬೆಳೆದು ಹಸಿರು ಮೈದಾನದ ಹಾಗಿತ್ತು. ಏರಿಯ ಮೇಲೆ ಕಸ ಸುರಿದು ಬೆಂಕಿ ಹಚ್ಚುತ್ತಿದ್ದರು. ನಮ್ಮ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಅವರು ಮೊದಲ ಸಭೆಯಲ್ಲೇ ಒಂದು ನಿಯಮ ಮಾಡಿದರು: ಕಾಲೊನಿಯ ಬಯಲಲ್ಲಿ ಯಾರೂ ಏನನ್ನೂ ಸುಡಬಾರದು. ನಾನು ಅದಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದೆ. ಆಮೇಲೆ ಮನೆಮನೆಗೆ ಹೋಗಿ ಹಸಿಕಸ, ಒಣಕಸ ಬೇರೆ ಮಾಡಿಸಿದೆವು. ಕೆರೆ ಸ್ವಚ್ಛ ಮಾಡುವ ದಿನ ಮಾತ್ರ ನಮ್ಮ ಕೈ ಸೋತಿತು. ಪ್ಯಾಂಟು ಮಡಚಿಕೊಂಡು ನೀರಿಗಿಳಿದ ಬ್ಯಾಂಕಿನವರು ಬೇರು ಜಗ್ಗಿದರೆ ತಾವೇ ಜಾರಿ ಬೀಳುತ್ತಿದ್ದರು.

ಆಗ ಕಣದ ಹೆಂಗಸರು ಬಂದರು.

ಕಣ ಅಂದರೆ ನಮ್ಮ ಕಾಲೊನಿಯ ಹಿಂದಿನ ಗೋಡೆಯಾಚೆಯ ಬಯಲು. ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು, ಬೇವಿನ ಗಿಡದ ಕೆಳಗೆ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಆ ಕಣ ನಡೆಸುತ್ತಿದ್ದವಳು ನಡುವಯಸ್ಸಿನ ವಿಧವೆ. ಅವಳ ತವರು ರಾಣೆಬೆನ್ನೂರಿನ ಹತ್ತಿರದ ಹಲಗೇರಿಯಾದ್ದರಿಂದ ಎಲ್ಲರೂ ಅವಳನ್ನು ಹಲಗೇರಿಯಾಕಿ ಎಂದೇ ಕರೆಯುತ್ತಿದ್ದರು. ಜಾಗ ಬೇರೆಯವರದು, ಕಣ ಅವಳದು. ಕೆರೆಯ ಆಚೆಯ ಹಳೇ ಓಣಿಯ ಹೆಂಗಸರಿಗೆಲ್ಲ ಅವಳೇ ಕೆಲಸ ಕೊಡುತ್ತಿದ್ದಳು.

"ಸರೀರಿ ಸಾಹೇಬ್ರ, ನೀವು ದಂಡಿಮ್ಯಾಲ ನಿಂತು ಫೋಟೋ ತಗೀರಿ. ಅದರ ನಿಮ್ಮ ಕೈಲೆ ಆಕ್ಕೈತಿ" ಎಂದು ಅವಳು ಸೀರೆ ಕಚ್ಚೆ ಹಾಕಿ ನೀರಿಗಿಳಿದಳು. ಹೆಂಗಸರು ನಗುತ್ತ ಅವಳ ಹಿಂದೆ ಇಳಿದರು. ಸಾಲಾಗಿ ನಿಂತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬೇರಿನ ಹೊರೆ ಸಾಗಿಸಿದರು. ಸಂಜೆಯ ಹೊತ್ತಿಗೆ ನಡುವೆ ನೀರು ಬಾಯಿ ಬಿಟ್ಟಿತು. ಮುಳುಗುವ ಸೂರ್ಯ ಅದರೊಳಗೆ ಬಿದ್ದು ನಡುಗುತ್ತಿದ್ದುದನ್ನು ನಾವೆಲ್ಲ ಏರಿಯ ಮೇಲೆ ನಿಂತು ನೋಡಿದೆವು. ಅಷ್ಟು ದಿನ ಅಲ್ಲೇ ಇದ್ದ ಆಕಾಶ ಅವತ್ತು ಕೆಳಗೂ ಇತ್ತು.

ಚಹಾ ಕುಡಿಯುವಾಗ ನಾನು ಅವಳಿಗೆ, "ಭಾಳ ಛಲೋ ಮಾಡಿದ್ರಿ" ಅಂದೆ.

"ನೀವೂ ಪೇಟಿಯೊಳಗ ಇದ್ದೋರಲ್ಲಾ ಗುಮಾಸ್ತ್ರ. ನಿಮ್ಮ ಅಂಗಡಿಯೊಳಗ ನಮ್ಮ ಮನಿಯವರು ಹಮಾಲಿ ಮಾಡ್ತಿದ್ರು, ನೆನಪೈತಿ?"

ನೆನಪಿತ್ತು. ಆದರೆ ಪಕ್ಕದಲ್ಲಿ ಬ್ಯಾಂಕಿನವರು ನಿಂತಿದ್ದರು. "ಇರಬೇಕು, ಇರಬೇಕು" ಎಂದು ತಲೆ ತಿರುಗಿಸಿದೆ.

ಅವಳು ಅದನ್ನು ಗಮನಿಸಿದಂತೆ ತೋರಿಸಲಿಲ್ಲ. "ಅವರು ಹೋದ ಮ್ಯಾಲೆ ಅಣ್ಣಗೋಳು ಬಾ ಹಲಗೇರಿಗೆ ಅಂದ್ರು. ನಾ ಒಲ್ಲೆ ಅಂದೆ. ತವರಿಗೆ ಹಬ್ಬಕ್ಕ ಹೋಗಬೇಕು, ಊಟಕ್ಕ ಹೋಗಬಾರದು. ಈ ಕಣ ಇರೋತನಕ ನನಗ ಯಾರ ಮಾರಿನೂ ನೋಡೋದು ಬ್ಯಾಡ" ಅಂದಳು. ಅಷ್ಟು ಹೇಳಿ ಲೋಟ ತೊಳೆದು ಇಟ್ಟು ಹೋದಳು.

ಆ ಸುಗ್ಗಿಯಲ್ಲಿ ಗಾಳಿ ನಮ್ಮ ಕಡೆಗೆ ಬೀಸಿತು. ಒಣಹಾಕಿದ ಬಟ್ಟೆಗಳ ಮೇಲೆ ಕೆಂಪು ಪದರ, ಕಿಟಕಿಯ ಸಂದಿಗಳಲ್ಲಿ ಬೀಜದ ಹೊಟ್ಟು. ಕಣದ ಪಕ್ಕದ ಮನೆಯಲ್ಲಿ ಒಬ್ಬಳು ಶಿಕ್ಷಕಿ ಇದ್ದಳು, ಗಂಡ ಹಾವೇರಿಯಲ್ಲಿ ಕೆಲಸಕ್ಕಿದ್ದ. ಅವಳ ಚಿಕ್ಕ ಮಗುವಿಗೆ ಉಬ್ಬಸ. ಆ ಮಗು ಉಸಿರೆಳೆಯುವ ಸಪ್ಪಳ ಗೋಡೆಯಾಚೆಗೆ ಕೇಳುತ್ತಿತ್ತು. ಆ ತಾಯಿ ಸಭೆಯಲ್ಲಿ ಅತ್ತಳು. ಅವಳ ಅಳು ಸುಳ್ಳಲ್ಲ. ಮೆಣಸಿನಕಾಯಿಯ ಧೂಳು ಎಳೆಯ ಎದೆಗೆ ಒಳ್ಳೆಯದಲ್ಲವೆಂದು ಪೇಟೆಯಲ್ಲಿ ಬೆಳೆದ ನಮಗೂ ಗೊತ್ತಿತ್ತು.

ಅಧ್ಯಕ್ಷರು ಹಲಗೇರಿಯಾಕಿಯನ್ನು ಕರೆಸಿ ಮಾತಾಡಿದರು. ಅವಳು ವಾದ ಮಾಡಲಿಲ್ಲ. ಕಸ ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸುತ್ತೇನೆ, ಗೋಡೆಯ ಮೇಲೆ ಬಲೆ ಕಟ್ಟಿಸುತ್ತೇನೆ, ಗಾಳಿ ಇರುವ ದಿನ ರಾಶಿ ಮುಚ್ಚುತ್ತೇನೆ ಅಂದಳು. ಹಾಗೆಯೇ ಮಾಡಿದಳು ಕೂಡ. ಆದರೆ ಅದರ ಮೊದಲೇ ನಾನು ಹಾವೇರಿಯ ಮಾಲಿನ್ಯ ನಿಯಂತ್ರಣ ಕಚೇರಿಗೆ ದೂರು ಕಳಿಸಿಯಾಗಿತ್ತು. ನಾನು ಆಗ ಸಂಘದ ಕಾರ್ಯದರ್ಶಿ. ಇಡೀ ಆಯುಷ್ಯದಲ್ಲಿ ಮಾಲೀಕರ ಹಿಂದೆ ನಿಂತವನಿಗೆ ಮೊದಲ ಸಲ ಮುಂದಿನ ಕುರ್ಚಿ ಸಿಕ್ಕಿತ್ತು. ಅಧಿಕಾರಿಗೆ ಫೋನು ಮಾಡಿ, "ಒಂದು ನಿಮಿಷ ನಿಂದ್ರಾಕ ಆಗೂದಿಲ್ರಿ ಸಾಹೇಬ್ರ, ಕೆಮ್ಮಿ ಕೆಮ್ಮಿ ಸಾಯಾಕತ್ತೇವಿ" ಅಂದಿದ್ದೆ.

ಕೆಮ್ಮನ್ನು ನಾನು ಕಾಲೊನಿಗೆ ಬಂದು ಕಲಿತೆ. ಸಭೆಯಲ್ಲಿ ಕಣದ ಮಾತು ಬಂದರೆ ಸಾಕು, ಕರವಸ್ತ್ರ ಬಾಯಿಗೆ ಹೋಗುತ್ತಿತ್ತು. ಮೊದಮೊದಲು ನಟನೆ. ಆಮೇಲೆ ಅದು ತಾನಾಗಿ ಬರತೊಡಗಿತು. ಒಂದು ದಿನ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದಾಗಲೂ ಕೆಮ್ಮಿದೆ. ನನ್ನ ಹೆಂಡತಿ ಅಡಿಗೆಮನೆಯಿಂದ, "ಇಲ್ಲಿ ಯಾರೂ ಇಲ್ರಿ" ಅಂದಳು.

ಅಧಿಕಾರಿ ಬರುವ ದಿನ ಪೇಟೆಗೆ ರಜೆ. ಆ ಬೆಳಗು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಳಿ ಇರಲಿಲ್ಲ ಎಂದರೂ ಸರಿ. ಕೆರೆಯ ನೀರು ಎಣ್ಣೆಯ ಹಾಗೆ ಸುಮ್ಮನಿತ್ತು. ಕಣದಲ್ಲಿ ರಾಶಿಗಳ ಮೇಲೆ ತಾಡಪತ್ರಿ ಹೊದಿಸಿದ್ದರು, ಗುಡಿಸಿದ ನೆಲದಲ್ಲಿ ನೀರಿನ ಗುರುತು ಇನ್ನೂ ಆರಿರಲಿಲ್ಲ. ಹೆಂಗಸರು ಹಬ್ಬದ ಸೀರೆ ಉಟ್ಟು ಬೇವಿನ ನೆರಳಲ್ಲಿ ಕೂತಿದ್ದರು. ನಾನು ಗೋಡೆಯ ಮೇಲಿನಿಂದ ನೋಡಿದೆ. ಇಷ್ಟು ಚೆಂದದ ಬೆಳಗು ಊರಿಗೆ ಎಂದೂ ಬಂದಿಲ್ಲ ಅನ್ನಿಸಿತು. ಅದರ ಜೊತೆಗೇ ಹೆದರಿಕೆಯೂ ಹುಟ್ಟಿತು. ಅಧಿಕಾರಿ ಬಂದು ಉಸಿರೆಳೆದುಕೊಂಡು, "ಎಲ್ಲಿದೆ ನಿಮ್ಮ ಧೂಳು?" ಎಂದರೆ? ಕಾಲೊನಿಯವರೆಲ್ಲ ನನ್ನ ಮುಖ ನೋಡಿದರೆ?

ನಮ್ಮ ಬಚ್ಚಲು ಮನೆಯ ಹಿಂದೆ, ಕಣದ ಗೋಡೆಗೆ ಹತ್ತಿಕೊಂಡಿದೆ. ಅಲ್ಲಿ ಸ್ನಾನದ ನೀರಿಗೆ ಒಲೆ ಉರಿಯುತ್ತಿತ್ತು. ಮೂಲೆಯಲ್ಲಿ ಒಡಕು ಮೆಣಸಿನಕಾಯಿ ಮತ್ತು ಬೀಜದ ಸಣ್ಣ ಚೀಲ. ಅದನ್ನು ಹಲಗೇರಿಯಾಕಿಯೇ ಕೊಟ್ಟದ್ದು. ಪೇಟೆಯ ಹಳಬನೆಂದು ಆ ಸುಗ್ಗಿಯಲ್ಲಿ, "ಚಟ್ನಿಗೆ ಆಕ್ಕೈತಿ, ಇಟಗೊಳ್ರಿ" ಎಂದು ನನ್ನ ಹೆಂಡತಿಯ ಕೈಗಿಟ್ಟಿದ್ದಳು. ಹೊರಗೆ ಜೀಪು ನಿಂತ ಸಪ್ಪಳ ಕೇಳಿತು. ನಾನು ಚೀಲದಲ್ಲಿ ಕೈ ಹಾಕಿದೆ. ಹಿಡಿ ತುಂಬ ತೆಗೆದು ಒಲೆಗೆ ಹಾಕಿದೆ. ಮತ್ತೊಂದು ಹಿಡಿ ಹಾಕಿದೆ. ಬಾಗಿಲು ಎಳೆದುಕೊಂಡು ಮುಂದಿನಿಂದ ಓಡಿಹೋಗಿ ಅಧಿಕಾರಿಗೆ ನಮಸ್ಕಾರ ಮಾಡಿದೆ.

ಅವರು ಕರಾವಳಿಯ ಕಡೆಯ ಹುಡುಗ, ಬಹಳ ಮರ್ಯಾದಸ್ಥ. ಕಣದ ನಡುವೆ ನಿಂತು ಅತ್ತ ಇತ್ತ ನೋಡುತ್ತಿದ್ದವರು ಒಮ್ಮೆಲೇ ಕೆಮ್ಮಿದರು. ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ಗೋಡೆಯ ಮೇಲಿನಿಂದ ಸಣ್ಣ ನೀಲಿ ಹೊಗೆ ತೆಳುವಾಗಿ, ಸೋಮಾರಿಯಾಗಿ ಇಳಿಯುತ್ತಿತ್ತು. ಬಿಸಿಲಿನಲ್ಲಿ ಅದು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು.

"ಇದು ದಿನವೂ ಹೀಗೆಯೇ ಇರುತ್ತದೆಯೇ?" ಎಂದು ಅವರು ಕರವಸ್ತ್ರದೊಳಗಿಂದ ಕೇಳಿದರು.

"ಇವತ್ತ ಕಡಿಮಿರಿ ಸಾಹೇಬ್ರ" ಅಂದೆ.

ನಮ್ಮೂರಲ್ಲಿ ಹುಟ್ಟಿದ ಯಾವ ಮಗುವನ್ನಾದರೂ ಕೇಳಿ. ಒಣ ಮೆಣಸಿನಕಾಯಿಯ ಧೂಳು ಬೇರೆ, ಸುಟ್ಟ ಮೆಣಸಿನಕಾಯಿಯ ಘಾಟು ಬೇರೆ. ಧೂಳು ಮೂಗಿಗೆ ಬರುತ್ತದೆ, ಘಾಟು ಗಂಟಲಿಗೆ. ಕೂಸಿಗೆ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ನಮ್ಮ ಮನೆಮನೆಯ ಪದ್ಧತಿ. ಆ ಘಾಟು ತೊಟ್ಟಿಲಿನಲ್ಲೇ ನಮಗೆ ಪರಿಚಯವಾಗಿರುತ್ತದೆ. ಕಣದಲ್ಲಿ ಅವತ್ತು ಹೆಂಗಸರಿದ್ದರು, ಅಧ್ಯಕ್ಷರಿದ್ದರು, ಮಗುವನ್ನು ಮನೆಯಲ್ಲಿ ಮಲಗಿಸಿ ಬಂದ ಶಿಕ್ಷಕಿಯೂ ಸೇರಿ ಸಂಘದವರೆಲ್ಲ ಇದ್ದರು. ಕಣದ ಧೂಳಿಗೂ ಆ ಘಾಟಿಗೂ ಇರುವ ವ್ಯತ್ಯಾಸ ತಿಳಿಯದವರು ಅಲ್ಲಿ ಒಬ್ಬರೇ, ಅಧಿಕಾರಿ. ಅದು ನನಗೆ ಆಗ ಹೊಳೆಯಲೇ ಇಲ್ಲ. ಹೊರಗಿನ ಒಬ್ಬನಿಗೆ ಮೋಸ ಮಾಡುವ ಆತುರದಲ್ಲಿ ಊರಿಗೆಲ್ಲ ಮೂಗಿದೆ ಎಂಬುದನ್ನು ಮರೆತಿದ್ದೆ.

ಹಲಗೇರಿಯಾಕಿ ಎದ್ದು ನಿಂತಳು. ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಯಾರ ದೃಷ್ಟಿ ತೆಗದ್ರಿ ಗುಮಾಸ್ತ್ರ?" ಅಂದಳು.

ಒಬ್ಬ ಹೆಂಗಸು ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ತುರುಕಿಕೊಂಡಳು. ಅಧಿಕಾರಿಗೆ ಮಾತು ಅರ್ಥವಾಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಒರೆಸಿಯೇ ಒರೆಸಿದರು. ಬ್ಯಾಂಕಿನವರು ಕೆರೆಯ ಕಡೆ ನೋಡಿದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಯಾರಾದರೂ ಒಬ್ಬರು ಒಂದು ಮಾತು ಆಡಿಯಾರು ಎಂದು ಕಾದಳು. ಯಾರೂ ಆಡಲಿಲ್ಲ. ಅವಳು ಮತ್ತೆ ಕೂತು, ಬುಟ್ಟಿ ಮುಂದಕ್ಕೆ ಎಳೆದುಕೊಂಡು ತೊಟ್ಟು ಬಿಡಿಸತೊಡಗಿದಳು.

ಕಣ ಮುಚ್ಚಬೇಕೆಂದು ನೋಟೀಸು ಬಂತು. ಕಾಲೊನಿಯಲ್ಲಿ ನನಗೆ ಸನ್ಮಾನ ಮಾಡಿದರು. ಶಾಲು ಹೊದಿಸಿ, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ ಹಾಕಿದರು. ಆ ಹಾರದ ಕಂಪು ಎಷ್ಟು ದಿನವಾದರೂ ಮನೆಯಿಂದ ಹೋಗಲಿಲ್ಲ. ನನ್ನ ಹೆಂಡತಿ ಅದನ್ನು ದೇವರ ಮನೆಯಲ್ಲಿ ಇಡಲು ಒಪ್ಪಲಿಲ್ಲ. "ಬೇಕಾದ್ರ ನಿಮ್ಮ ಟ್ರಂಕಿನ್ಯಾಗ ಇಟಗೊಳ್ರಿ" ಅಂದಳು. ಬಚ್ಚಲ ಒಲೆಯ ಬೂದಿಯನ್ನು ಅವಳೇ ತೆಗೆದಿದ್ದಳು.

ಹಲಗೇರಿಯಾಕಿ ಬುಟ್ಟಿ ಬಲೆ ಕಟ್ಟಿಕೊಂಡು ತವರಿಗೆ ಹೋದಳು. ಅಣ್ಣಂದಿರ ಹೊಲದ ಮೂಲೆಯಲ್ಲಿ ಕಣ ಹಾಕಿದಳು. ಹಳೇ ಓಣಿಯ ಹೆಂಗಸರು ದಿನವೂ ಟೆಂಪೋ ಹತ್ತಿ ಅಲ್ಲಿಗೆ ಹೋಗಿ ಬರತೊಡಗಿದರು. ಸಂಘದವರು ಇನ್ನು ದೊಡ್ಡ ಗಾಡಿಗಳ ಧೂಳೂ ಬೇಡವೆಂದು ಕಾಲೊನಿಯ ದಾರಿಗೆ ಕಬ್ಬಿಣದ ಗೇಟು ಹಾಕಿಸಿದರು. ಹಳೇ ಓಣಿಗೆ ಹತ್ತಿರದ ದಾರಿ ಅದೇ ಆಗಿತ್ತು. ಟೆಂಪೋದವನು ಹೆಂಗಸರನ್ನು ಬೈಪಾಸಿನಲ್ಲೇ ಇಳಿಸಿ ಹೋಗುತ್ತಿದ್ದ. ಅವರು ಅಲ್ಲಿಂದ ಕೆರೆಯ ಏರಿ ಸುತ್ತಿ ಮನೆಗೆ ನಡೆಯುತ್ತಿದ್ದರು.

ಆ ವರ್ಷ ಕೆರೆ ತುಂಬಿತು. ನಾವು ನೆಟ್ಟ ಹೊಂಗೆ ಚಿಗುರಿತು. ಸಂಜೆ ಏರಿಯ ಬೆಂಚಿನ ಮೇಲೆ ಕೂತಿರುವಾಗ ಆ ಹೆಂಗಸರು ನನ್ನ ಮುಂದೆಯೇ ಹಾದು ಹೋಗುತ್ತಿದ್ದರು. ಮೊದಲಾದರೆ ಕಣದಿಂದ ಮನೆಗೆ ಹೋಗುವಾಗ ಗದ್ದಲ ಮಾಡುತ್ತಿದ್ದವರು ಈಗ ದಣಿದು ಸುಮ್ಮನೆ ನಡೆಯುತ್ತಿದ್ದರು. ನೀರಿನಲ್ಲಿ ಅವರ ನೆರಳುಗಳು ತಲೆಕೆಳಗಾಗಿ, ಉದ್ದವಾಗಿ ಸಾಗುತ್ತಿದ್ದವು. ಒಂದೊಂದು ಸಲ ನಾನು ಮುಖ ಎತ್ತದೆ ಬರೀ ನೆರಳನ್ನೇ ನೋಡುತ್ತಿದ್ದೆ. ನೆರಳಿಗೆ ಕಣ್ಣಿರುವುದಿಲ್ಲವಲ್ಲ. ಒಂದು ಕನಸು ಪದೇ ಪದೇ ಬೀಳುತ್ತಿತ್ತು: ಕೆರೆಯ ತುಂಬ ನೀರಿನ ಬದಲು ಒಣ ಮೆಣಸಿನಕಾಯಿ, ಗಾಳಿಗೆ ಅದು ತೆರೆತೆರೆಯಾಗಿ ಸಪ್ಪಳ ಮಾಡುತ್ತಿದೆ, ನಾನು ಅದರ ಮೇಲೆ ಮಲಗಿ ತೇಲುತ್ತಿದ್ದೇನೆ. ಭಯವಿಲ್ಲ, ಉರಿಯಿಲ್ಲ. ಎಚ್ಚರವಾದ ಮೇಲೇ ಉರಿ.

ಒಂದು ದಿನ ಯಾರಿಗೂ ಹೇಳದೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ, ಅಲ್ಲಿಂದ ಹಲಗೇರಿಗೆ. ದಾರಿಯುದ್ದಕ್ಕೂ ಗೋವಿನಜೋಳದ ಹೊಲಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು. ಅವಳ ಕಣ ದೂರದಿಂದಲೇ ಕಂಡಿತು, ಹಳದಿ ಹೊಲದ ನಡುವೆ ಕೆಂಪು ತೇಪೆ ಹಾಕಿದಂತೆ. ಅವಳ ಅಣ್ಣ ಗಿಡದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದ. ಅವಳು ಅವನಿಗೆ ಊಟದ ತಾಟು ಒಯ್ದು ಇಟ್ಟು, ಅವನು "ಉಪ್ಪು ಎಲ್ಲಿ?" ಎಂದದ್ದಕ್ಕೆ ಮತ್ತೆ ಹೋಗಿ ಉಪ್ಪು ತಂದಳು. ಆಮೇಲೆ ನನ್ನನ್ನು ನೋಡಿದಳು.

"ಬರ್ರಿ ಕಾರ್ಯದರ್ಶಿಗಳ. ಇಲ್ಲಿಗೂ ಕೆಮ್ಮು ಬಂತೇನು?"

ಹೆಂಗಸರು ನಕ್ಕರು. ನಾನು ನಿಂತೇ ಇದ್ದೆ. ಅವಳು ಕೂಡು ಎನ್ನದೆ ಬುಟ್ಟಿಯ ಮುಂದೆ ಕೂತು ತೊಟ್ಟು ಬಿಡಿಸತೊಡಗಿದಳು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಅಲ್ಲಿ ಅದೆಲ್ಲ ಉದುರಿಹೋಯಿತು.

"ಅವತ್ತ ಒಲಿಗೆ ಕಾಯಿ ಹಾಕಿದಾಂವ ನಾನs" ಅಂದೆ. "ನೀವು ಕೊಟ್ಟ ಕಾಯಿನs."

ಅವಳ ಕೈ ನಿಂತಿತು. ಆ ಕೊನೆಯ ಮಾತು ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ನಾ ಕೊಟ್ಟದ್ದು?" ಅಂದಳು. "ಇದನ್ನ ಹೇಳಾಕ ಬಸ್ ಹತ್ತಿ ಬಂದ್ರೇನು? ನನಗ ಅವತ್ತs ಗೊತ್ತಿತ್ತಲ್ಲ. ಗೊತ್ತಿಲ್ಲದೋರ ಮುಂದ ಹೋಗಿ ಹೇಳ್ರಿ."

"ಕಾಲೊನಿಯೊಳಗ ಎಲ್ಲಾರಿಗೂ ಗೊತ್ತೈತಿ."

"ಗೊತ್ತೈತಿ ಅಂತ ಯಾರರ ಬಾಯಿ ಬಿಟ್ಟಾರೇನು? ಬಾಯಿ ಬಿಡೋತನಕ ಅದು ಗೊತ್ತಿಲ್ಲದ್ದs ಲೆಕ್ಕ." ಅವಳು ತಲೆ ಎತ್ತಿ ಅಣ್ಣನ ಕಡೆ ನೋಡಿ ದನಿ ತಗ್ಗಿಸಿದಳು. "ನನಗ ನಿಮ್ಮ ಅಳು ಬ್ಯಾಡ್ರಿ. ಅದನ್ನ ಇಟಗೊಂಡು ನಾ ಏನ ಮಾಡ್ಲಿ? ಹೋಗ್ರಿ, ಲಗೂನ ಬಸ್ ಐತಿ."

ಮುಂದಿನ ಸಭೆ ಏರಿಯ ಮೇಲೆ, ಹೊಂಗೆಯ ಕೆಳಗೆ ನಡೆಯಿತು. ವಿಷಯ ಮೀನಿನ ಮರಿ ಬಿಡುವ ಬಗ್ಗೆ. ಅದು ಮುಗಿದ ಮೇಲೆ ನಾನು ಎದ್ದು ನಿಂತು ಹೇಳಿದೆ. ಒಲೆ, ಹಿಡಿ, ಹೊಗೆ, ಇವತ್ತ ಕಡಿಮಿ ಎಂದದ್ದು, ಎಲ್ಲವನ್ನೂ. ನನ್ನ ದನಿ ನನಗೇ ಬಹಳ ದೂರದಿಂದ, ನೀರಿನ ಆಚೆಯಿಂದ ಕೇಳಿಸುತ್ತಿತ್ತು.

ಯಾರೂ ಬೆಚ್ಚಲಿಲ್ಲ. ಅಧ್ಯಕ್ಷರು ನನ್ನ ಭುಜ ಹಿಡಿದು, "ಆತು ಬಿಡ್ರಿ, ಆದದ್ದು ಆತು. ಊರ ಸಲುವಾಗಿ ಮಾಡಿದ್ರಿ. ಕುಂದ್ರಿ, ಚಾ ತಗೊಳ್ರಿ" ಅಂದರು. ಬ್ಯಾಂಕಿನವರು, "ನಮಗ್ಯಾರಿಗೆ ಗೊತ್ತಿರಲಿಲ್ಲರಿ ಅದು?" ಎಂದು ನಕ್ಕರು. ಲೋಟ ನನ್ನ ಕೈಗೆ ಬಂತು. ಅಷ್ಟರಲ್ಲೇ ಮುಗಿದುಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಮುಗಿಯಲಿ ಎಂದೇ ನನಗೂ ಅನ್ನಿಸಿತ್ತು.

ಆದರೆ ಉಬ್ಬಸದ ಮಗುವಿನ ತಾಯಿ, ಆ ಶಿಕ್ಷಕಿ, ಕುರ್ಚಿಯಿಂದ ಎದ್ದಳು.

"ಅಜ್ಜಾರ, ನನ್ನ ಮಗೀಗೆ ಈಗ ಆರಾಮ ಐತ್ರಿ. ಅದು ಖರೇ. ಕಣ ಹೋದದ್ದಕ್ಕ ಆರಾಮ ಆತು ಅಂತ ನಾ ಖುಷಿಪಟ್ಟೇನಿ, ಅದೂ ಖರೇ" ಅಂದಳು. "ಆದ್ರ ಅವತ್ತ ಕಣದ್ದು ಏನೂ ಇರಲಿಲ್ಲ. ಕಿಟಕಿ ತೆರದಿಟ್ಟಿದ್ದೆ. ಎಲ್ಲಾಕ್ಕಿಂತ ಜೋರ ಉಬ್ಬಸ ಬಂದದ್ದು ಅವತ್ತs. ಹಾವೇರಿ ದವಾಖಾನಿಗೆ ಹೋಗೋದ್ರಾಗ ಮಗಿ ತುಟಿ ನೀಲಿ ಆಗಿದ್ದುವು. ವಾಸನಿ ಯಾವದಂತ ನನಗ ತಿಳಿದಿತ್ತು. ಕಣ ಮುಚ್ಚಲಿ ಅಂತ ನಾನೂ ಬಾಯಿ ಮುಚ್ಚಿದೆ. ಆಕಿ ನನ್ನ ಮಾರಿ ನೋಡಿದಾಗ ನಾನೂ ಕೆಳಗ ನೋಡಿದೆ."

ಚಹಾ ನನ್ನ ಕೈಯಲ್ಲಿ ಆರಿತು. ನಾನು ಒಬ್ಬಳ ಅನ್ನಕ್ಕೆ ಕಲ್ಲು ಹಾಕಿದೆ ಎಂದುಕೊಂಡು ಬಂದಿದ್ದೆ. ಯಾವ ಮಗುವಿನ ಹೆಸರು ಹೇಳಿ ದೂರು ಕೊಟ್ಟಿದ್ದೆನೋ ಆ ಮಗುವಿನ ಉಸಿರನ್ನೇ ಹಿಚುಕಿದ್ದೆ. ಅದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅವತ್ತು ಅಧಿಕಾರಿಯ ಜೀಪಿನ ಹಿಂದೆಯೇ ಹೊರಟ ಆಟೋ ನೋಡಿದ್ದೆ, ಯಾರದೆಂದು ಕೇಳಿರಲಿಲ್ಲ. ಕೇಳಬಹುದಿತ್ತು.

ಅವಳು ಮಾತಾಡಿದ ಮೇಲೆ ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. "ನನಗೂ ಘಾಟು ಬಡದಿತ್ತು" ಎಂದರು. ಅವರು ಹೇಳಿದ ಮೇಲೆ ಇನ್ನೊಬ್ಬರು, ಮತ್ತೊಬ್ಬರು.

ಅಧ್ಯಕ್ಷರು, ಶಿಕ್ಷಕಿ, ನಾನು ಮೂವರೂ ಹಾವೇರಿಯ ಕಚೇರಿಗೆ ಹೋಗಿ ನಡೆದದ್ದನ್ನು ಹೇಳಿದೆವು. ಅವತ್ತು ಬಂದಿದ್ದ ಅಧಿಕಾರಿ ಬೇರೆ ಊರಿಗೆ ವರ್ಗವಾಗಿದ್ದರು. ಹೊಸ ಅಧಿಕಾರಿ ಬಹಳ ಹೊತ್ತು ನಮ್ಮ ಮುಖ ನೋಡಿ, ಗೋಡೆ ಎತ್ತರಿಸಿ, ಬಲೆ ಕಟ್ಟಿ, ನೀರು ಹೊಡೆದು ನಡೆಸುವುದಾದರೆ ಕಣಕ್ಕೆ ತಮ್ಮ ಅಡ್ಡಿಯಿಲ್ಲ ಅಂದರು. ನಾವು ಖುಷಿಯಿಂದ ಬಂದು ನೋಡಿದರೆ, ಕಣದ ಜಾಗದ ಮಾಲೀಕರು ಬೇವಿನ ಗಿಡ ಕಡಿಸಿ, ನಿವೇಶನಗಳಿಗೆ ಸುಣ್ಣದ ಗೆರೆ ಹಾಕಿಸಿದ್ದರು. ಬಿಳಿ ಗೆರೆಗಳ ನಡುವೆ ನಿಂತು ನಾವು ಮೂವರೂ ದಾರಿ ತಪ್ಪಿದವರ ಹಾಗೆ ಸುತ್ತ ನೋಡಿದೆವು.

ಶಿಕ್ಷಕಿಯೇ ಹಲಗೇರಿಯಾಕಿಗೆ ಫೋನು ಮಾಡಿದಳು. ಸಭೆಯಲ್ಲಿ ಯಾರು ಯಾರು ಏನು ಹೇಳಿದರೆಂದು ತಿಳಿಸಿದಳು, ಜಾಗ ಹೋದದ್ದನ್ನೂ ಹೇಳಿದಳು. ಆ ಕಡೆಯ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು.

"ಕಣ ಹೋತಲ್ಲ ತಂಗಿ, ಅದರ ಮಾತ ಬಿಡು. ಎಲ್ಯರ ಬ್ಯಾರೆ ಜಾಗ ನಾನs ನೋಡಕೊಂತೇನಿ, ನನಗ ಯಾರೂ ಹುಡುಕಿ ಕೊಡೋದು ಬ್ಯಾಡ. ನಿಮಗೇನರ ಮಾಡಬೇಕಂತ ಇದ್ರ ಆ ಗೇಟ್ ತಗೀರಿ. ಹೆಣಮಕ್ಕಳು ಸಂಜಿಮುಂದ ಅಷ್ಟ ದೂರ ನಡದು ಸಾಯಾಕತ್ತಾರ."

ಗೇಟಿನ ಬಗ್ಗೆ ಸಂಘದಲ್ಲಿ ಜಗಳವೇ ಆಯಿತು. ಒಂದು ಗಾಡಿಗೆ ಬಿಟ್ಟರೆ ಹತ್ತು ಗಾಡಿ ಬರುತ್ತವೆ ಎಂದವರಿದ್ದರು. ಕೊನೆಗೆ ಗೇಟು ಉಳಿಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಟೆಂಪೋಗೆ ಮಾತ್ರ ತೆರೆಯಬೇಕೆಂದಾಯಿತು. ತೆರೆಯುವವರು ಯಾರು ಎಂದಾಗ ನಾನು ಕೀಲಿಗೆ ಕೈ ಚಾಚಿದೆ. ಕಾರ್ಯದರ್ಶಿಯ ಕೆಲಸ ಬಿಟ್ಟೆ, ಆ ಕುರ್ಚಿಗೆ ಶಿಕ್ಷಕಿ ಬಂದಳು. ಅವಳ ಮಗು ಈಗ ನನ್ನ ಜೊತೆ ಮಾತಾಡುತ್ತದೆ. ಅದು ಮಾತಾಡುವಾಗ ನಾನು ಅದರ ತುಟಿಯನ್ನೇ ನೋಡುತ್ತಿರುತ್ತೇನೆ.

ಸಂಜೆ ಕೆರೆಯ ಮೇಲಿನ ಬೆಳಕು ಬೂದಿಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ಟೆಂಪೋ ಬರುತ್ತದೆ. ನಾನು ಗೇಟು ದೂಡಿ ಪಕ್ಕಕ್ಕೆ ನಿಲ್ಲುತ್ತೇನೆ. ಹಿಂದೆ ಕೂತ ಹೆಂಗಸರಲ್ಲಿ ಒಬ್ಬಿಬ್ಬರು, "ಅಜ್ಜಾ, ಕಾಲ ಸಂಭಾಳಸ್ರಿ, ಗಾಲಿ ಬರತೈತಿ" ಎಂದು ಚೇಷ್ಟೆ ಮಾಡುತ್ತಾರೆ. ವಾರಕ್ಕೊಮ್ಮೆ ಬ್ಯಾಡಗಿಯ ಪೇಟೆಗೆ ಮಾಲು ತಂದ ದಿನ ಹಲಗೇರಿಯಾಕಿಯೂ ಅದರಲ್ಲಿರುತ್ತಾಳೆ. ಡ್ರೈವರನ ಪಕ್ಕ ಕೂತು ಮುಂದೆ ನೋಡುತ್ತ ಹಾದು ಹೋಗುತ್ತಾಳೆ. ಹೊಸ ಕಣಕ್ಕೆ ಮೋಟೆಬೆನ್ನೂರಿನ ಕಡೆ ಜಾಗ ನೋಡುತ್ತಿದ್ದಾಳೆಂದು ಹೆಂಗಸರಿಂದ ಕೇಳಿದ್ದೇನೆ. ಇನ್ನೂ ಸಿಕ್ಕಿಲ್ಲ.

ಮೊನ್ನೆ ಗೇಟು ದಾಟಿದ ಮೇಲೆ ಗಾಡಿ ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನಾನು ಹತ್ತಿರ ಹೋದೆ.

"ನಾಳೇನೂ ಮಾಲು ಐತಿ, ಭಾಳ ಐತಿ. ಗಾಡಿ ತಡಾ ಆಕ್ಕೈತಿ. ಕಾಕೊಂತ ಕುಂದರಬ್ಯಾಡ್ರಿ, ಕೀಲಿ ಗೇಟಿಗೆ ಬಿಟ್ಟು ಹೋಗ್ರಿ" ಅಂದಳು. ಅಷ್ಟೇ. ಗಾಡಿ ಹೋಯಿತು.

ಮರುದಿನ ಕೀಲಿ ಗೇಟಿಗೆ ಬಿಟ್ಟು ಮನೆಗೆ ಹೋಗಲು ನನಗೆ ಆಗಲಿಲ್ಲ. ಶಾಲು ಹೊದ್ದು ಅಲ್ಲೇ ನಿಂತೆ. ಕೆರೆ ಮೆಲ್ಲಗೆ ಮಸುಕಾಗಿ ಇಲ್ಲವಾಯಿತು. ಬೈಪಾಸಿನ ಕಡೆಯಿಂದ ಒಂದೊಂದೇ ದೀಪ ಬಂದು ಬೇರೆ ದಾರಿಗೆ ತಿರುಗುತ್ತಿತ್ತು, ನಾನು ಮುಂದಿನದನ್ನು ನೋಡುತ್ತಿದ್ದೆ.